ತಮ್ಮ ತೋರಿಸಿದ ಊರು

ಸುದ್ದಿ ಬಂದಾಗ ನಾನು ಅವರೆಕಾಳು ಹಿಚುಕುತ್ತಿದ್ದೆ. ರಾತ್ರಿ ನೆನೆಸಿದ್ದ ಕಾಳು ಉಬ್ಬಿ, ಬೆರಳಲ್ಲಿ ಒತ್ತಿದರೆ ಸಿಪ್ಪೆ ಬಿಟ್ಟು ಬೇಳೆ ಚಿಮ್ಮುವ ಹದಕ್ಕೆ ಬಂದಿತ್ತು. ಎರಡು ಸಾವಿರದ ನಾಲ್ಕನೇ ಇಸವಿ, ಸಂಕ್ರಾಂತಿ ಕಳೆದ ವಾರ. ಯಜಮಾನರು ಆಸ್ಪತ್ರೆಯಿಂದ ಬಂದವರು ಚಪ್ಪಲಿ ಬಿಟ್ಟು ಒಳಕ್ಕೆ ಬರದೆ ಬಾಗಿಲಲ್ಲೇ ನಿಂತರು. ಅವರ ಹಿಂದೆ ನನ್ನ ತಮ್ಮ ಸೀನಿ.

"ಗಂಟಲಲ್ಲಿರೋದು ಅದೇ ಅಂತೆ," ಎಂದರು ಯಜಮಾನರು. "ಧ್ವನಿಪೆಟ್ಟಿಗೇನೇ ತೆಗೀಬೇಕಂತೆ. ತೆಗೆದ್ರೆ ಜೀವಕ್ಕೆ ಭಯ ಇಲ್ಲ ಅಂದ್ರು ಡಾಕ್ಟ್ರು."

"ಮಾತು?" ಎಂದೆ.

ಅವರು ಸೀನಿಯ ಕಡೆ ನೋಡಿದರು. ಅವನು ಮಣೆ ಎಳೆದುಕೊಂಡು ನನ್ನೆದುರು ಕೂತು, ಒಂದು ಹಿಡಿ ಕಾಳು ತೆಗೆದುಕೊಂಡು ತಾನೂ ಹಿಚುಕತೊಡಗಿದ. "ನಾನು ಆಡಿರೋ ಮಾತು ಏಳು ಜನ್ಮಕ್ಕೆ ಸಾಕು, ಬಿಡಕ್ಕ," ಎಂದ. ಎರಡು ತಿಂಗಳಿಂದ ಅವನ ಧ್ವನಿ ಒಡೆದ ಮಡಕೆಯ ಹಾಗೆ ಕೇಳುತ್ತಿತ್ತು. ದಿನವಿಡೀ ಮೈಕ್ ಹಿಡಿದು ಮಾತಾಡುವ ಕೆಲಸ, ಅದಕ್ಕೇ ಹೀಗೆ ಎಂದುಕೊಂಡು ಮೆಣಸು, ಜೇನುತುಪ್ಪ, ಬಿಸಿನೀರು ಕೊಡುತ್ತಲೇ ಬಂದಿದ್ದೆ.

ಸೀನಿ ಊರು ತೋರಿಸುವ ಬಸ್ಸಿನಲ್ಲಿ ಗೈಡ್. ಶಿವಾಜಿನಗರದ ಬಸ್ ನಿಲ್ದಾಣದ ಹತ್ತಿರ ಅವನ ಕಂಪನಿಯ ಚಿಕ್ಕ ಆಫೀಸು. ನಮ್ಮ ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಅಕ್ಷರಾಭ್ಯಾಸ ಆಗಿರಲಿಲ್ಲ. ನಾನೇ ಬೆಳೆಸಿದೆ. ಅವನು ಮದುವೆಯಾಗಲಿಲ್ಲ. ರಾಮಮೂರ್ತಿ ನಗರದ ನಮ್ಮ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಇರುತ್ತಾನೆ. ಕನ್ನಡ, ತಮಿಳು, ಹಿಂದಿ, ಇಂಗ್ಲಿಷು ಎಲ್ಲದರಲ್ಲೂ ಊರನ್ನು ವರ್ಣಿಸುತ್ತಾನೆಂದು ಕೇಳಿದ್ದೆನೇ ಹೊರತು ಅವನ ಬಸ್ಸನ್ನು ನಾನು ಒಂದು ದಿನವೂ ಹತ್ತಿರಲಿಲ್ಲ. ಹುಟ್ಟಿ ಬೆಳೆದ ಊರನ್ನು ದುಡ್ಡು ಕೊಟ್ಟು ಏನು ನೋಡುವುದು ಎಂದುಕೊಂಡಿದ್ದೆ.

ಮಂಗಳವಾರ ಆಸ್ಪತ್ರೆಗೆ ಸೇರಬೇಕು, ಬುಧವಾರ ಆಪರೇಷನ್. ಅಷ್ಟರೊಳಗೆ ಉಳಿದದ್ದು ಶನಿವಾರ, ಭಾನುವಾರ, ಸೋಮವಾರ. ಮೊದಲೆರಡು ದಿನ ನೆಂಟರು ಬಂದು ಅತ್ತು ಕಾಫಿ ಕುಡಿದು ಹೋಗುವುದರಲ್ಲೇ ಕಳೆದವು. ಭಾನುವಾರ ಸಂಜೆ ಸೀನಿ ಅಡುಗೆಮನೆಗೆ ಬಂದ.

"ಅಕ್ಕ, ನಾಳೆ ಕೆಲಸಕ್ಕೆ ಹೋಗ್ತೀನಿ. ನೀನೂ ಬಾ. ಯಾವ್ಯಾವ ಊರಿನೋರಿಗೋ ತೋರಿಸ್ದೆ, ನಿಂಗೆ ತೋರಿಸ್ಲೇ ಇಲ್ಲ. ಸಾಯಂಕಾಲ ಬಂದ್ಮೇಲೆ ನೀನು ಒಲೆ ಕಡೆ ತಿರುಗೋ ಹಾಗಿಲ್ಲ. ಕೂತು ಹರಟೋಣ, ನಿದ್ದೆ ಬರೋವರ್ಗೂ. ಮಂಗಳವಾರದಿಂದ ನಿಂಗೆ ಒಬ್ಬಳೇ ಮಾತಾಡೋ ಯೋಗ."

ಅಂದು ಬೆಳಿಗ್ಗೆಯೇ ನಾನು ದೇವರ ಮುಂದೆ ಹಲಸೂರಿನ ಸೋಮೇಶ್ವರನಿಗೆ ಹರಕೆ ಹೊತ್ತುಬಿಟ್ಟಿದ್ದೆ. ಸೋಮವಾರ ಸೂರ್ಯ ಹುಟ್ಟಿದಾಗಿನಿಂದ ಸಂಜೆ ದೀಪ ಹಚ್ಚುವವರೆಗೆ ಮೌನ. ಒಂದು ದಿನದ ನನ್ನ ಮಾತನ್ನು ತೆಗೆದುಕೊಂಡು ನನ್ನ ತಮ್ಮನ ಮಾತನ್ನು ಉಳಿಸು ಸ್ವಾಮಿ ಎಂದು ಬೇಡಿಕೊಂಡಿದ್ದೆ. ಗಂಟಲು ತೆರೆದಾಗ ಡಾಕ್ಟರಿಗೆ, ತೆಗೆಯುವುದು ಬೇಡ, ಇಷ್ಟು ಕೆರೆದರೆ ಸಾಕು ಎನಿಸಿಬಿಡಲಿ ಎಂಬ ಆಸೆ. ನಮ್ಮ ತಾಯಿಯೂ ಕಷ್ಟ ಬಂದಾಗ ಸೋಮವಾರದ ಮೌನ ಹಿಡಿಯುತ್ತಿದ್ದಳು. ಹೊತ್ತ ಹರಕೆಯನ್ನು ಇನ್ನೊಂದು ದಿನಕ್ಕೆ ಮುಂದೂಡುವುದು ನಮ್ಮಲ್ಲಿಲ್ಲ.

ಹೇಳಿದೆ. ಸೀನಿ ನಕ್ಕ. "ನೀನು ಸುಮ್ನಿರೋದು ಪ್ರೇಕ್ಷಣೀಯ ಸ್ಥಳಾನೇ ಕಣಕ್ಕ. ಬಸ್ಸಲ್ಲಿ ಕೂರಿಸ್ಕೊಂಡು ಟಿಕೆಟ್ ಇಡಬಹುದು."

"ಸೀನಿ, ಬೇರೆ ಯಾವ್ದಾದ್ರೂ ದಿನ..."

"ಬೇರೆ ದಿನ ಎಲ್ಲಿದೆ? ಪರವಾಗಿಲ್ಲ. ಬೆಳಿಗ್ಗೆಯಿಂದ ನಾನು ಹೇಳ್ತೀನಿ, ನೀನು ಕೇಳು. ಸಾಯಂಕಾಲ ಇಬ್ರೂ ಮಾತಾಡೋಣ."

ಯಜಮಾನರು ಊಟದ ಮಣೆಯಿಂದಲೇ, "ಅಂತೂ ಒಂದು ದಿನ ಈ ಮನೇಲಿ ರೇಡಿಯೋ ಕೇಳಿಸುತ್ತೆ," ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಸೋಮವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಸಂಕಲ್ಪ ಮಾಡಿ, ಬಾಯಿ ಮುಚ್ಚಿದೆ. ಒಂದು ಫ್ಲಾಸ್ಕಿನ ತುಂಬ ಬಿಸಿನೀರು ಚೀಲಕ್ಕೆ ಹಾಕಿಕೊಂಡೆ. ಚಳಿಯಿತ್ತು, ಟಿನ್ ಫ್ಯಾಕ್ಟರಿಯವರೆಗೂ ಮಂಜು. ಸಿಟಿ ಬಸ್ಸಿನಲ್ಲಿ ಹಳೇ ಮದ್ರಾಸು ರಸ್ತೆ ಹಿಡಿದು ಶಿವಾಜಿನಗರಕ್ಕೆ ಹೋದೆವು. ಇಬ್ಬರ ಟಿಕೆಟನ್ನೂ ಸೀನಿಯೇ ತೆಗೆದುಕೊಂಡ. ಜಾಗ ಸಿಕ್ಕಿ ಕೂತದ್ದು ಅಂದಿನ ಮೊದಲ ಪುಣ್ಯ.

ಅವನ ಬಸ್ಸು ಮಾಸಿದ ನೀಲಿ ಬಣ್ಣದ್ದು. ಸೋಮವಾರ ಊರ ನಡುವಿನ ಮ್ಯೂಸಿಯಂಗಳಿಗೆ ರಜೆಯಾದ್ದರಿಂದ ಅಂದು ಮಾತ್ರ ಅವರ ಸುತ್ತಾಟ ನಮ್ಮ ಪೂರ್ವದ ಕಡೆಗೆ. ಶಿವಾಜಿನಗರ, ಹಲಸೂರು, ಇಂದಿರಾನಗರ, ವಿಮಾನಪುರ, ಮತ್ತೆ ವಾಪಸು. ತಲೆಗೆ ನೂರ ಹತ್ತು ರೂಪಾಯಿ, ಊಟದ ಖರ್ಚು ಬೇರೆ. ಡ್ರೈವರ್ ಅನ್ವರ್ ಭಾಯ್ ಶಿವಾಜಿನಗರದವರೇ, ಸೀನಿಯ ಜೊತೆ ಬಹಳ ವರ್ಷದಿಂದ ಇರುವವರು. ಬಸ್ಸಿನಲ್ಲಿ ಸೀನಿಯ ವಿಷಯ ಪೂರ್ತಿ ಗೊತ್ತಿದ್ದದ್ದು ಅವರೊಬ್ಬರಿಗೇ.

"ಬನ್ನಿ ಅಕ್ಕಾ, ಮುಂದಿನ ಸೀಟು ನಿಮ್ದೇ," ಎಂದರು. "ಸೀನಿ ಹೇಳ್ದ, ಇವತ್ತು ಬಾತ್ ಬಂದ್ ಅಂತ. ನಮ್ಮ ಮನೆಯವಳಿಗೂ ಸ್ವಲ್ಪ ಹೇಳ್ಕೊಡಿ ಅಕ್ಕಾ, ದುವಾ ಮಾಡ್ತೀನಿ."

ಅರ್ಧ ಬಸ್ಸು ಖಾಲಿ. ಒಂದು ತಮಿಳು ಹೊಸ ಜೋಡಿ, ಸೊಲ್ಲಾಪುರದ ಕಡೆಯ ಒಂದು ಕುಟುಂಬ, ಬಿಳಿಯ ದಂಪತಿ ಒಂದು, ಇನ್ನು ಕೆಲವರು. ನನ್ನ ಪಕ್ಕ ಬಂದು ಕೂತವರು ಬಾಗಲಕೋಟೆ ಸೀಮೆಯ ಬಸಮ್ಮ. ಮಗಳ ಬಾಣಂತನಕ್ಕೆ ಬಂದವರು, ಊರಿಗೆ ಹಿಂದಿರುಗುವ ಮೊದಲು ಬೆಂಗಳೂರು ನೋಡಿ ಹೋಗಲೆಂದು ಅಳಿಯ ಬಸ್ಸು ಹತ್ತಿಸಿದ್ದ.

"ಯಾವೂರ್ರೀ ಯಕ್ಕಾ ನಿಮ್ದು?" ಎಂದು ಕೇಳಿದರು. ನಾನು ಕೈ ಮುಗಿದು ತುಟಿಯ ಮೇಲೆ ಬೆರಳಿಟ್ಟೆ. ಅವರ ಮುಖ ಸಪ್ಪಗಾಯಿತು. "ಅಯ್ಯ, ಪಾಪ," ಎಂದು ನನ್ನ ಮಂಡಿ ಸವರಿದರು.

ಸೀನಿ ಮೈಕಿನಲ್ಲಿ ಅಂದ: "ಪಾಪ ಅನ್ಬೇಡಿ ಅಮ್ಮಾ. ಅದು ನಮ್ಮಕ್ಕ. ಸೋಮವಾರದ ಮೌನ. ನಾಳೆ ಸಿಕ್ಕಿದ್ರೆ ನಿಮಗೆ ಒಂದು ಮಾತಿಗೂ ಜಾಗ ಬಿಡಲ್ಲ." ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆ ಒಡಕು ಧ್ವನಿ ಮೈಕಿನ ಮೂಲಕ ಬಂದಾಗ ಸ್ವಲ್ಪ ಗಟ್ಟಿಯಾಗಿ, ಹಳೆಯ ಸೀನಿಯ ಧ್ವನಿಯ ಹಾಗೆಯೇ ಕೇಳುತ್ತಿತ್ತು. ಅದು ನನಗೆ ಸಿಕ್ಕ ಎರಡನೆಯ ಪುಣ್ಯ.

ಮೊದಲು ನಿಂತದ್ದು ಶಿವಾಜಿನಗರದ ಮೇರಿಯಮ್ಮನ ಚರ್ಚಿನಲ್ಲಿ. ತಾಯಿಗೆ ಸೀರೆ ಉಡಿಸುತ್ತಾರೆ. ಸೀರೆ ಉಟ್ಟ ಯಾವ ತಾಯಿಯನ್ನು ಕಂಡರೂ ನನ್ನ ಕೈ ತಾನೇ ಏಳುತ್ತದೆ. ಹೊರಗೆ ಸಾಲಾಗಿ ಮೇಣದ ಬತ್ತಿ ಮಾರುವವರು. ಅವರಲ್ಲಿ ಅಂತೋಣಿಯಮ್ಮ ಎಂಬ ಮುದುಕಿ ಸೀನಿಯನ್ನು ಕಂಡವಳೇ ಎದ್ದು ಬಂದಳು.

"ಇನ್ನೂ ಗಂಟಲು ಸರಿಹೋಗಿಲ್ವಾಪ್ಪಾ? ಎಷ್ಟು ಸಲ ಹೇಳ್ದೆ, ಮೆಣಸಿನ ರಸ ಕುಡಿ, ಹಾಳು ಸಿಗರೇಟು ಬಿಡು."

"ನಾನು ಯಾವತ್ತು ಸೇದಿದೆ ಪಾಟೀ?"

"ಹಂಗಾದ್ರೆ ಮಾತಾದ್ರೂ ಬಿಡು. ಲೊಡಲೊಡ ಅಂತೀಯಾ."

"ನಾನು ಮಾತು ಬಿಟ್ರೆ ನಿನ್ನ ಮೇಣದಬತ್ತಿ ಯಾರು ತಗೋತಾರೆ?" ಎಂದು ಸೀನಿ ಪ್ರಯಾಣಿಕರ ಕಡೆ ತಿರುಗಿ, ಇಂಗ್ಲಿಷಿನಲ್ಲೂ ತಮಿಳಿನಲ್ಲೂ, ಈ ಅಮ್ಮನ ಕೈಯಿಂದ ಬತ್ತಿ ಕೊಂಡು ಬೇಡಿಕೊಂಡವರು ಮತ್ತೆ ಹರಕೆ ತೀರಿಸಲು ಬಂದೇ ಬರುತ್ತಾರೆಂದು ಹೇಳಿದ. ಎಲ್ಲರೂ ಕೊಂಡರು. ನಾನೂ ಒಂದು ಕೊಂಡು ಹಚ್ಚಿದೆ. ಅವಳ ಬುಟ್ಟಿ ಅರ್ಧ ಖಾಲಿಯಾಯಿತು.

ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಓಣಿಯಲ್ಲಿ ಬಸ್ಸು ನಿಂತಾಗ, ಅವನ ಮಾತಿಗೆ ಸಾಮಾನು ಬಿಕರಿಯಾಗುವುದನ್ನು ಮತ್ತೆ ಕಂಡೆ. ಅದು ಗಂಧದ ಗೊಂಬೆ, ರೇಷ್ಮೆ, ಊದುಬತ್ತಿಯ ದೊಡ್ಡ ಅಂಗಡಿ. ಬಾಗಿಲಲ್ಲಿದ್ದವನು ಇಳಿಯುವವರ ತಲೆ ಎಣಿಸಿಕೊಂಡ. ಅನ್ವರ್ ಭಾಯ್‌ಗೂ ಸೀನಿಗೂ ಚಹಾ ಬಂತು. ಅಂಗಡಿಯ ಯಜಮಾನ ಸೀನಿಯ ಕಿವಿಯ ಹತ್ತಿರ, "ಇಬ್ರೇನಾ ಪರದೇಶದೋರು? ಎರಡು ಮೂರು ವರ್ಷದಿಂದ ಹಿಂಗೇ. ಎಲ್ಲೋ ಯುದ್ಧ ಅಂದ್ರು, ಎಲ್ಲೋ ಜ್ವರ ಅಂದ್ರು. ಅಲ್ಲಿ ಯಾರೋ ವಿಮಾನ ಹತ್ತೋಕೆ ಹೆದರಿದ್ರೆ ಇಲ್ಲಿ ನಾನು ಇಬ್ಬರು ಸೇಲ್ಸ್ ಹುಡುಗೀರ್ನ ಮನೆಗೆ ಕಳಿಸ್ಬೇಕಾಯ್ತು," ಎಂದ.

ಸೀನಿ ಚಹಾ ಲೋಟ ಕೆಳಗಿಟ್ಟು ಆ ಬಿಳಿಯ ಹೆಂಗಸಿನ ಹತ್ತಿರ ಹೋಗಿ ಚನ್ನಪಟ್ಟಣದ ಆಟಿಕೆಯ ಅರಗಿನ ಬಣ್ಣವನ್ನು ಹೇಗೆ ಹಚ್ಚುತ್ತಾರೆಂದು ವಿವರಿಸತೊಡಗಿದ. ನಡುವೆ ಕೆಮ್ಮು ಬಂತು. ಕೈಯಡ್ಡ ಹಿಡಿದು ಕೆಮ್ಮಿ, ಮತ್ತೆ ಹೇಳಿದ. ನಾನು ಫ್ಲಾಸ್ಕು ತೆಗೆದುಕೊಂಡು ಹೋಗಿ ಪಕ್ಕದಲ್ಲಿ ನಿಂತೆ. ಎರಡು ಗುಟುಕು ಕುಡಿದು ನನ್ನ ಭುಜ ತಟ್ಟಿದ. ಸಾಕು ಕಣೋ, ಸಾಯಂಕಾಲಕ್ಕೆ ಸ್ವಲ್ಪ ಇಟ್ಟುಕೋ ಎನ್ನಬೇಕೆನಿಸಿತು. ಕೈಯಾಡಿಸಿ ತೋರಿಸಿದೆ. ಅಷ್ಟರಲ್ಲಿ ಸೊಲ್ಲಾಪುರದವರು ಅವನನ್ನು ಸೀರೆಯ ಕಡೆಗೆ ಕರೆದರು.

ಮತ್ತೆ ಬಸ್ಸು ಹೊರಟಾಗ ಅವನು ಮೈಕಿನಲ್ಲಿ ಹೇಳಿದ ಮಾತು ನನಗೆ ನೆನಪಿದೆ. ಗೈಡುಗಳ ತರಬೇತಿಯಲ್ಲಿ ಒಬ್ಬ ಅಧಿಕಾರಿ, ಲೋಕದಲ್ಲಿ ದುಡಿಯುವ ಇಷ್ಟು ಜನಕ್ಕೊಬ್ಬ ಊರು ನೋಡುವವರಿಂದಲೇ ಉಣ್ಣುತ್ತಾನೆಂದು ಕಪ್ಪು ಹಲಗೆಯ ಮೇಲೆ ಲೆಕ್ಕ ಬರೆದಿದ್ದರಂತೆ. "ಆ ಲೆಕ್ಕ ನನಗೆ ಮರೆತೋಯ್ತು," ಎಂದ ಸೀನಿ. "ಆದ್ರೆ ನೀವು ಇವತ್ತು ಮನೇಲೇ ಮಲಗಿದ್ದಿದ್ರೆ ನಮ್ಮ ಅನ್ವರ್ ಭಾಯ್ ಮನೇಲಿ ಬಿರಿಯಾನಿ ಇಲ್ಲ. ಅದಂತೂ ಗೊತ್ತು."

"ಬಿರಿಯಾನಿ ಎಲ್ಲಿ ಬಂತು? ದಾಲ್ ಕೂಡ ಇಲ್ಲ," ಎಂದರು ಅನ್ವರ್ ಭಾಯ್.

ನನಗೆ ಲೋಕದ ಲೆಕ್ಕ ಏನು ತಿಳಿದೀತು. ಇವನ ಗಂಟಲಿನಿಂದ ಮಾತು ಹೊರಟು ಜನರ ಕೈ ಜೇಬಿಗೆ ಹೋಗುತ್ತದೆ, ಅಲ್ಲಿಂದ ಇನ್ನೊಬ್ಬರ ಒಲೆಯ ಮೇಲೆ ಪಾತ್ರೆ ಏರುತ್ತದೆ ಎಂಬುದು ಮಾತ್ರ ಅಂದು ಕಣ್ಣಿಗೆ ಬಿತ್ತು. ಇಷ್ಟು ವರ್ಷ ನಾನು ಅದನ್ನು ಹರಟೆಯ ಕೆಲಸವೆಂದೇ ತಿಳಿದಿದ್ದೆ.

ಹಲಸೂರು ಕೆರೆಯಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ದೋಣಿಯವನ ಹತ್ತಿರ ಬೇರೆ ಯಾರೂ ಇರಲಿಲ್ಲ, ನಮ್ಮ ಬಸ್ಸಿನವರೇ ಅಂದಿನ ಬೋಣಿಗೆ. ಹಿಂದೆ ಸುತ್ತ ಹಲಸಿನ ತೋಟಗಳಿದ್ದವು, ಅದರಿಂದಲೇ ಊರಿಗೆ ಈ ಹೆಸರೆನ್ನುತ್ತಾರೆ ಎಂದ ಸೀನಿ. ಆಮೇಲೆ ನನ್ನ ಕಡೆ ಕಳ್ಳನೋಟ ಬೀರಿ, "ಇನ್ನೊಂದು ಚರಿತ್ರೆ. ಇಲ್ಲೊಬ್ಬಳು ಅಕ್ಕ ಇದ್ಳು. ಮಗ್ಗಿ ಹೇಳ್ದೇ ಇದ್ರೆ ಈ ಕೆರೆಗೆ ಎಸೀತೀನಿ ಅಂತ ತಮ್ಮನ್ನ ದಂಡೇಗೆ ಕರ್ಕೊಂಡು ಬರೋಳು. ಆ ತಮ್ಮ ಇವತ್ತಿಗೂ ಹದಿನೇಳರ ಮಗ್ಗಿ ಹೇಳ್ತಾನೆ," ಎಂದ. ಹೇಳಿಯೂ ಹೇಳಿದ, ಒಡಕು ಧ್ವನಿಯಲ್ಲಿ, ಹದಿನೇಳು ಹತ್ತಲೆ ನೂರಾ ಎಪ್ಪತ್ತರವರೆಗೆ. ಬಸಮ್ಮ ನನ್ನ ತೋಳು ಚಿವುಟಿ, "ನೀವಽ ಏನ್ರೀ ಆ ಅಕ್ಕ?" ಎಂದು ಕೇಳಿದರು. ತಲೆಯಾಡಿಸಿದೆ. ಸುಳ್ಳು ಕಣೋ, ನಾನು ಎಸೆಯುತ್ತೇನೆಂದದ್ದು ನಿನ್ನ ಚೆಂಡನ್ನು ಎಂದು ನಾಲಗೆಯ ತುದಿಗೆ ಬಂದಿತ್ತು. ಸಾಯಂಕಾಲ ಹೇಳೋಣ ಎಂದು ನುಂಗಿದೆ. ಹೀಗೆ ಸಾಯಂಕಾಲಕ್ಕೆಂದು ನುಂಗಿದ ಮಾತುಗಳು ಅಷ್ಟರಲ್ಲೇ ಎದೆ ತುಂಬ ಸೇರಿದ್ದವು.

ಸೋಮೇಶ್ವರನ ಗುಡಿಯಲ್ಲಿ ಸೋಮವಾರದ ಜನ. ಹೊರಗೆ ಹೂವಿನವರು, ಚಪ್ಪಲಿ ಕಾಯುವವಳು, ಎಲ್ಲರಿಗೂ ಸೀನಿ ಗೊತ್ತು. ಗೌಡರೊಬ್ಬರು ಮರದಡಿ ಮಲಗಿದ್ದಾಗ ಸ್ವಾಮಿ ಕನಸಿನಲ್ಲಿ ಬಂದು ಗುಡಿ ಕಟ್ಟಲು ಹೇಳಿದ ಕಥೆಯನ್ನು ಅವನು ನಾಲ್ಕು ಭಾಷೆಗಳಲ್ಲಿ ಹೇಳುತ್ತಿದ್ದಾಗ ನಾನು ಒಳಗೆ ಹೋದೆ. ಅಭಿಷೇಕ ನಡೆಯುತ್ತಿತ್ತು. ಬೇಡಿಕೊಳ್ಳಲು ಬಾಯಿ ಬೇಕಿಲ್ಲವಲ್ಲ. ಅವನ ಮಾತು ಉಳಿಸು, ಅವನ ಜೀವ ಉಳಿಸು, ಎರಡನ್ನೂ ಕೇಳಿದೆ. ಕಂಬದಾಚೆಯಿಂದ ಅವನ ಧ್ವನಿ ಕಲ್ಲಿಗೆ ತಾಗಿ ನನಗೆ ಕೇಳುತ್ತಲೇ ಇತ್ತು.

ಓದುವವರನ್ನು ಕಾಯಿಸಬಾರದು. ಬುಧವಾರ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆಯನ್ನು ತೆಗೆಯಲೇಬೇಕಾಯಿತು. ಜೀವ ಉಳಿಯಿತು. ಕೇಳಿದ ಎರಡರಲ್ಲಿ ದೊಡ್ಡದನ್ನು ಸ್ವಾಮಿ ಕೊಟ್ಟ. ಇದನ್ನು ಬರೆಯುವಾಗ ಸೀನಿ ಮಹಡಿಯ ಮೇಲೆ ಓಡಾಡುವ ಸಪ್ಪಳ ನನಗೆ ಕೇಳುತ್ತಿದೆ. ಕಡಿಮೆ ಕೊಟ್ಟೆ ಎಂದು ನಾನು ಸ್ವಾಮಿಯ ಹತ್ತಿರ ಜಗಳಕ್ಕೆ ಹೋಗಲಾರೆ. ಆ ಸೋಮವಾರಕ್ಕೇ ಹಿಂದಿರುಗುತ್ತೇನೆ.

ಮಧ್ಯಾಹ್ನದ ಊಟ ಇಂದಿರಾನಗರದ ಒಂದು ಹೋಟೆಲಿನಲ್ಲಿ. ಪ್ರಯಾಣಿಕರು ಮುಂದೆ ಕೂತರೆ, ಬಸ್ಸಿನವರಿಗೆ ಅಡುಗೆಕೋಣೆಯ ಪಕ್ಕ ಬೇರೆ ಮೇಜು, ಅಲ್ಲಿ ಊಟಕ್ಕೆ ದುಡ್ಡಿಲ್ಲ. ಬಸ್ಸು ತಂದು ನಿಲ್ಲಿಸಿದ ಋಣಕ್ಕೆ ಹೋಟೆಲುಗಳಲ್ಲಿ ಹಾಗೊಂದು ಪದ್ಧತಿಯಂತೆ. ಸೀನಿ ನನ್ನನ್ನೂ ಅಲ್ಲೇ ಕೂರಿಸಿದ. ಸಾರನ್ನ ಚೆನ್ನಾಗಿತ್ತು. ಅವನು ಅನ್ನವನ್ನು ನುಣ್ಣಗೆ ಕಿವುಚಿ, ಪ್ರತಿ ತುತ್ತಿಗೂ ಕಣ್ಣು ಮುಚ್ಚಿ ನುಂಗುತ್ತಿದ್ದ.

ಆಗ ಕಂಪನಿಯ ಮ್ಯಾನೇಜರು ಸ್ಕೂಟರಿನಲ್ಲಿ ಬಂದರು. ಸೀನಿಗೆ ಗಂಟಲಿನ ಆಪರೇಷನ್ ಎಂದು ಅವರಿಗೆ ಗೊತ್ತಿತ್ತು, ಮುಂದೇನೆಂದು ಗೊತ್ತಿರಲಿಲ್ಲ. ಕೈಯಲ್ಲಿ ಹೊಸ ಟೇಪ್ ರೆಕಾರ್ಡರು.

"ಶ್ರೀನಿವಾಸ್, ಒಂದು ಐಡಿಯಾ. ಊಟ ಆದ್ಮೇಲೆ ನೀವು ಹೇಳೋದನ್ನೆಲ್ಲ ರೆಕಾರ್ಡ್ ಮಾಡ್ಕೊಳ್ಳೋಣ. ನೀವು ರಜೇಲಿರೋವಾಗ ಬಸ್ಸಲ್ಲಿ ಕ್ಯಾಸೆಟ್ ಹಾಕ್ತೀವಿ. ನಿಮ್ಮ ಧ್ವನಿ ಅಂದ್ರೆ ನಮ್ಮ ಬಸ್ಸಿನ ಧ್ವನಿ."

ನನ್ನ ಕೈ ಎಲೆಯ ಮೇಲೆ ನಿಂತುಹೋಯಿತು. ಎರಡು ದಿನದಿಂದ ನನಗೇಕೆ ಇದು ಹೊಳೆಯಲಿಲ್ಲ? ಒಂದು ಕ್ಯಾಸೆಟ್ ಇದ್ದರೆ, ಬೇಕೆಂದಾಗ ಹಾಕಿಕೊಂಡು ಕೇಳಬಹುದು. ಯಾವ ಗುಡಿಯ ಕಥೆಯಾದರೇನು, ಯಾವ ಭಾಷೆಯಾದರೇನು.

ಸೀನಿ ಕಿವುಚಿದ ಅನ್ನವನ್ನು ಎಲೆಯ ಅಂಚಿಗೆ ಸರಿಸಿದ. "ಬೇಡ ಸಾರ್," ಎಂದ.

"ಯಾಕ್ರೀ?"

"ಕ್ಯಾಸೆಟ್ಟು ಸಂಬಳ ಕೇಳಲ್ಲ. ಅದು ಬಂದ್ರೆ ನನ್ನ ಜಾಗಕ್ಕೆ ಮನುಷ್ಯ ಬರಲ್ಲ. ಇನ್ನೊಬ್ಬನ್ನ ತಗೊಳ್ಳಿ ಸಾರ್, ನಾನು ಎಲ್ಲಾ ಬರೆದುಕೊಡ್ತೀನಿ. ಚರ್ಚ್ ಹತ್ರ ಅಂತೋಣಿಯಮ್ಮ ಇವತ್ತು ಬಂದಿಲ್ಲ ಅಂದ್ರೆ ಯಾಕೆ ಬಂದಿಲ್ಲ ಅಂತ ಕ್ಯಾಸೆಟ್ಟು ವಿಚಾರಿಸುತ್ತಾ?"

ಮ್ಯಾನೇಜರು ನಕ್ಕರು. "ಯೋಚನೆ ಮಾಡಿ," ಎಂದು ಯಂತ್ರವನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದರು.

ನಾನು ಬಾಯಿ ತೆರೆಯಬೇಕಿತ್ತು. ಒಂದೇ ಮಾತು ಸಾಕಿತ್ತು. ಕಂಪನಿಗೆ ಬೇಡ, ನನಗೊಂದು ಮಾಡಿಕೊಡು ಸೀನಿ. ಅವನು ಇಲ್ಲವೆನ್ನುತ್ತಿರಲಿಲ್ಲ. ಆದರೆ ಆ ಮೌನ ಅವನ ಮಾತು ಉಳಿಯಲೆಂದೇ ಹಿಡಿದದ್ದು. ಅದನ್ನು ಮುರಿದು ಕ್ಯಾಸೆಟ್ ಕೇಳಿದರೆ, ಅವನ ಮಾತು ಹೋಗುವುದೇ ನಿಜವೆಂದು ನಾನೇ ಒಪ್ಪಿಕೊಂಡ ಹಾಗೆ. ನಾಳಿದ್ದು ಡಾಕ್ಟರು ಹೊರಗೆ ಬಂದು ಉಳಿಸಲಾಗಲಿಲ್ಲ ಎಂದರೆ, ಹಲಸೂರಿನ ಸ್ವಾಮಿ ನನ್ನ ಮುಖ ನೋಡಿ, ನೀನೇ ಅರ್ಧದಲ್ಲಿ ಬಿಟ್ಟೆಯಲ್ಲ ಎಂದರೆ? ಸೀನಿಯ ಮೊಣಕೈ ಮುಟ್ಟಿದೆ. "ಏನಕ್ಕ, ಮಜ್ಜಿಗೆ ಬೇಕಾ?" ಎಂದು ಬಡಿಸುವವನನ್ನು ಕರೆದ. ಮ್ಯಾನೇಜರು ಕೈ ಒರೆಸಿಕೊಂಡು ಬಂದು, ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಸ್ಕೂಟರು ರಸ್ತೆಯ ತಿರುವು ದಾಟುವವರೆಗೂ ನೋಡಿದೆ.

ವಿಮಾನಪುರ ನನಗೆ ಹೊಸದಲ್ಲ. ಯಜಮಾನರು ಅಲ್ಲಿಯ ಕಾರ್ಖಾನೆಯಲ್ಲೇ ಇರುವುದು. ಆದರೆ ಹಳೆಯ ವಿಮಾನಗಳನ್ನು ಹುಲ್ಲಿನ ಮೇಲೆ ನಿಲ್ಲಿಸಿರುವ ಪ್ರದರ್ಶನವನ್ನು ಅಂದೇ ನೋಡಿದ್ದು. ಗುಲಾಬಿ ಗಿಡಗಳ ನಡುವೆ ಅವು ಮೇಯಲು ಬಿಟ್ಟ ದನಗಳ ಹಾಗೆ ಕಂಡವು. ಹೊಸ ಜೋಡಿಯ ಹುಡುಗ ಒಂದೊಂದು ವಿಮಾನಕ್ಕೂ ಪ್ರಶ್ನೆ ಕೇಳುತ್ತಿದ್ದ. ಇಲ್ಲಿ ಮೈಕಿಲ್ಲ, ಬಯಲು. ಸೀನಿ ಕೂಗಿ ಹೇಳಬೇಕು. ಅವನ ಕುತ್ತಿಗೆಯ ನರಗಳು ಉಬ್ಬುತ್ತಿದ್ದವು. ಒಂದು ಪದ ಕೇಳಿದರೆ ಮುಂದಿನದು ಬರಿಯ ಗಾಳಿ. ನಾನು ಫ್ಲಾಸ್ಕು ಹಿಡಿದು ಹಿಂದೆ ಹಿಂದೆ ನಡೆದೆ. ನೀರು ಆರಿ ಉಗುರುಬೆಚ್ಚಗಾಗಿತ್ತು.

ನಾನು ಆಡಲಾರದ್ದನ್ನು ಕೊನೆಗೆ ಬಸಮ್ಮ ಆಡಿದರು. "ಏ ತಮ್ಮಾ, ಸಾಕ್ ಮಾಡೋ ಮಾರಾಯಾ. ನಮಗೂ ಕಣ್ಣ ಅದಾವು, ನಾವಽ ನೋಡ್ಕೋತೀವಿ. ನಿಮ್ಮಕ್ಕನ ಮಾರಿ ನೋಡು ಒಂದೀಟು, ನೀ ಕೆಮ್ಮಿದಾಗೊಮ್ಮೆ ಆಕಿ ಗಂಟಲಾ ಹಿಡ್ಕೊಳ್ಳಾಕತ್ತಾಳ."

ಸೀನಿ ತಿರುಗಿ ನನ್ನನ್ನು ನೋಡಿದ. ಕೈಯೆತ್ತಿ, ಇನ್ನು ಸ್ವಲ್ಪವೇ ಎಂಬಂತೆ ಬೆರಳಿನಲ್ಲಿ ಅಳತೆ ತೋರಿಸಿದ. ಬಂದವರು ದುಡ್ಡು ಕೊಟ್ಟಿದ್ದಾರೆ, ಅರ್ಧಕ್ಕೆ ನಿಲ್ಲಿಸುವುದು ಅವನ ಜಾಯಮಾನವಲ್ಲ. ಹುಡುಗನ ಮುಂದಿನ ಪ್ರಶ್ನೆಗೆ ಅವನ ಕಿವಿಯ ಹತ್ತಿರ ಬಾಗಿ ಉತ್ತರ ಹೇಳಿದ.

ಹಿಂದಿರುಗುವಾಗ ಹಳೇ ಮದ್ರಾಸು ರಸ್ತೆಯಲ್ಲಿ ಲಾರಿಗಳ ಸಾಲು, ಬಸ್ಸು ತೆವಳಿತು. ಕೆಲವರು ನಿದ್ದೆ ಹೋದರು. ಶಿವಾಜಿನಗರ ಹತ್ತಿರವಾದಾಗ ಸೀನಿ ಎದ್ದು ನಿಂತು, ಮೈಕನ್ನು ತುಟಿಗೆ ಒತ್ತಿ ಹಿಡಿದುಕೊಂಡು, ಕೊನೆಯ ಮಾತುಗಳನ್ನು ಹೇಳಿದ. ಪಿಸುಮಾತಿಗಿಂತ ಹೆಚ್ಚಿರಲಿಲ್ಲ, ಆದರೂ ಬಸ್ಸು ಅಷ್ಟು ನಿಶ್ಶಬ್ದವಾಗಿದ್ದರಿಂದ ಕೇಳಿಸಿತು.

"ನಮ್ಮ ಊರು ನೋಡಿದ್ರಿ. ನಿಮ್ಮ ಊರಿಗೆ ಹೋಗಿ ಹೇಳಿ. ಸಾಮಾನು ಸೀಟಿನ ಕೆಳಗೆ ಮರೀಬೇಡಿ. ನಮಸ್ಕಾರ." ಇದನ್ನೇ ತಮಿಳಿನಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹೇಳಿದ. ಇಂಗ್ಲಿಷಿನ ಕೊನೆಯ ಪದ ಮುಗಿಯಲಿಲ್ಲ, ತುಟಿ ಮಾತ್ರ ಆಡಿತು. ಅನ್ವರ್ ಭಾಯ್ ಮುಂದಿನ ಗಾಜನ್ನೇ ನೋಡುತ್ತಾ ತೋಳಿನಿಂದ ಕಣ್ಣೊರೆಸಿಕೊಂಡರು. ಬಸಮ್ಮ ಇಳಿಯುವ ಮುಂಚೆ ಅವನ ತಲೆಯ ಮೇಲೆ ಕೈಯಿಟ್ಟು, "ಚಲೋ ಹೇಳಿದ್ಯಪ್ಪಾ. ನೂರು ವರ್ಷ ಬಾಳು," ಎಂದರು. ಅವನು ಬಗ್ಗಿ ಕಾಲು ಮುಟ್ಟಿದ.

ಮನೆಗೆ ಬರುವ ಬಸ್ಸಿನಲ್ಲಿ ಅವನು ನನ್ನ ಭುಜಕ್ಕೆ ಒರಗಿ ಮಲಗಿದ. ನಾನು ಕಿಟಕಿಯಾಚೆ ಬೆಳಕು ಎಷ್ಟು ಇಳಿಯಿತೆಂದು ನೋಡುತ್ತಿದ್ದೆ. ಮನೆ ಸೇರಿದಾಗ ಬೀದಿಯ ದೀಪ ಇನ್ನೂ ಹತ್ತಿರಲಿಲ್ಲ. ಕಾಲು ತೊಳೆದು, ಬತ್ತಿ ಹೊಸೆದು, ಎಣ್ಣೆ ಹಾಕಿ, ದೇವರ ಮುಂದೆ ದೀಪ ಹಚ್ಚಿದೆ. ಹರಕೆ ಮುಗಿಯಿತು. ನಡುಮನೆಗೆ ಬಂದೆ. ಸೀನಿ ಚಾಪೆ ಹಾಸಿ, ಗೋಡೆಗೆ ಎರಡು ದಿಂಬು ಒರಗಿಸಿ, ಒಂದು ನನಗೆ ಒಂದು ತನಗೆಂದು, ಕಾಯುತ್ತಾ ಕೂತಿದ್ದ.

"ಸೀನಿ," ಎಂದೆ. ದಿನವಿಡೀ ಆಡದ ನನ್ನ ಧ್ವನಿ ನನಗೇ ಗೊಗ್ಗರಾಗಿ ಕೇಳಿಸಿತು.

ಅವನು ಬಾಯಿ ತೆರೆದ. ಬಂದದ್ದು ಉಸಿರು. ಮತ್ತೆ ಪ್ರಯತ್ನಿಸಿದ. ತುಟಿಗಳು 'ಅಕ್ಕ' ಎಂದವು, ಸದ್ದಿಲ್ಲ. ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗಲೂ ಧ್ವನಿ ಹಿಂದಿರುಗಲಿಲ್ಲವೆಂದು ಇಲ್ಲೇ ಹೇಳಿಬಿಡುತ್ತೇನೆ. ಅವನು ಗಂಟಲನ್ನು ಒಮ್ಮೆ ಸವರಿಕೊಂಡು, ಏನು ಮಾಡೋದು ಎಂಬಂತೆ ಎರಡೂ ಕೈ ಚೆಲ್ಲಿ ನಕ್ಕ. ಆಮೇಲೆ ಪಕ್ಕದ ದಿಂಬನ್ನು ತಟ್ಟಿದ.

ಹೋಗಿ ಕೂತೆ. ಚೆಂಡಿನ ವಿಷಯ ಹೇಳಿದೆ. ಕೆರೆಗೆ ಎಸೆಯುತ್ತೇನೆಂದದ್ದು ನಿನ್ನನ್ನಲ್ಲವೋ ಎಂದೆ. ಅವನು ಇಲ್ಲವೆಂದು ತಲೆಯಾಡಿಸಿ ತನ್ನ ಎದೆಯನ್ನೇ ತೋರಿಸಿಕೊಂಡ. ಬಸಮ್ಮನ ಹಾಗೆ ಮಾತಾಡಿ ತೋರಿಸಿದೆ, ಅಲುಗಾಡಿ ನಕ್ಕ. ಅಮ್ಮನ ವಿಷಯ, ಅಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ ವಿಷಯ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ನಡುನಡುವೆ ಅವನ ಸರದಿ ಬರುವಲ್ಲಿ ಅಭ್ಯಾಸಬಲದಿಂದ ನಿಲ್ಲಿಸುತ್ತಿದ್ದೆ. ಅಲ್ಲಿ ಪಕ್ಕದ ಮನೆಯ ಟೀವಿ ಕೇಳುತ್ತಿತ್ತು. ಟೇಪ್ ರೆಕಾರ್ಡರಿನ ವಿಷಯ ಮಾತ್ರ ಹೇಳಲಿಲ್ಲ.

ಯಜಮಾನರು ಪಾಳಿ ಮುಗಿಸಿ ಬಂದರು. ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿ, "ಏನು, ಹರಟೆ ಜೋರಾ?" ಎಂದರು. ಸೀನಿ ಹೆಬ್ಬೆರಳಿನಿಂದ ನನ್ನನ್ನು ತೋರಿಸಿದ. ಯಜಮಾನರಿಗೆ ಅರ್ಥವಾಯಿತು. ಬಂದು ಅವನ ಇನ್ನೊಂದು ಪಕ್ಕ ನೆಲದ ಮೇಲೇ ಕೂತರು.

ಸ್ವಲ್ಪ ಹೊತ್ತಿಗೆ ಸೀನಿ ಹೊಟ್ಟೆ ಮುಟ್ಟಿಕೊಂಡು ನನ್ನ ಕಡೆ ನೋಡಿದ. ಹಸಿವಿತ್ತು, ಅದೂ ಪುಣ್ಯವೇ. ಎದ್ದು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದೆ. ಗಟ್ಟಿ ಅನ್ನ ಅವನಿಗೆ ಇಳಿಯುವುದಿಲ್ಲ. ಅಕ್ಕಿ ನುಚ್ಚನ್ನು ಮೊರಕ್ಕೆ ಸುರಿದುಕೊಂಡು, ದೀಪದ ಕಡೆ ತಿರುಗಿ, ಕಲ್ಲು ಆರಿಸಲು ಕೂತೆ.